ಸಣ್ಣ ಕೈ, ದೊಡ್ಡ ವಾಚು

ದೊಡ್ಡಬಳ್ಳಾಪುರದ ಬಸ್ ನಿಲ್ದಾಣದ ಎದುರಿಗೆ ಹೋದ ತಿಂಗಳು ಒಂದು ಫ್ಲೆಕ್ಸ್ ಎದ್ದಿತು. ‘ಮತ್ತೆ ಹುಟ್ಟಿ ಬನ್ನಿ’ ಎಂದು ಕೆಂಪು ಅಕ್ಷರ, ಅದರ ಕೆಳಗೆ ನಾನು ಕೆಲಸ ಮಾಡಿದ ಶಾಲೆಯ ಕಾರ್ಯದರ್ಶಿಗಳ ಆಳೆತ್ತರದ ಚಿತ್ರ. ಚಿತ್ರದಲ್ಲಿ ಅವರು ಎಡಗೈಯಿಂದ ಕನ್ನಡಕ ಸರಿಮಾಡಿಕೊಳ್ಳುತ್ತಿದ್ದಾರೆ. ಅವರ ಕನ್ನಡಕ ಯಾವತ್ತೂ ಜಾರಿದ್ದಲ್ಲ. ಕೈ ಮೇಲೆತ್ತಿದರೆ ತಾನೇ ವಾಚು ಕಾಣುವುದು! ಫ್ಲೆಕ್ಸ್ ಮಾಡಿದವನಿಗೂ ಅವರ ಮನಸ್ಸು ತಿಳಿದಿತ್ತೆಂದು ಕಾಣುತ್ತದೆ, ಮುಖಕ್ಕಿಂತ ಮುಂಗೈಗೇ ಹೆಚ್ಚು ಹೊಳಪು ಕೊಟ್ಟಿದ್ದ. ನಾನು ನೆಲಮಂಗಲದ ಬಸ್ಸಿಗೆ ಕಾಯುತ್ತ ಆ ಕೆಂಪಕ್ಷರವನ್ನು ಇನ್ನೊಮ್ಮೆ ಓದಿದೆ. ದಯವಿಟ್ಟು ಅಷ್ಟು ತೊಂದರೆ ತೆಗೆದುಕೊಳ್ಳಬೇಡಿ ಎಂದು ಮನಸ್ಸಿನಲ್ಲೇ ಹೇಳಿ ಬಸ್ಸು ಹತ್ತಿದೆ.

ಅವರ ಶಾಲೆಯಲ್ಲಿ ನಾನು ಬಹಳ ವರ್ಷ ಕನ್ನಡ ಹೇಳಿಕೊಟ್ಟೆ. ಅವರು ಪವರ್‌ಲೂಮಿನ ಸೀರೆಗಳಲ್ಲಿ ಸಂಪಾದಿಸಿ, ಸಂಪಾದನೆಗೆ ಒಂದು ಘನತೆ ಬೇಕೆಂದು ಶಾಲೆ ತೆರೆದವರು. ಮನುಷ್ಯ ಸಣ್ಣಗಿದ್ದರು. ಸಣ್ಣಗಿರುವುದು ತಪ್ಪಲ್ಲ, ನಾನೂ ಸಣ್ಣಗೇ ಇದ್ದೇನೆ. ಅವರ ಮುಂಗೈ ನುಗ್ಗೆಕಾಯಿಯ ಹಾಗಿತ್ತು. ಅದರ ಮೇಲೆ ಕೂರುತ್ತಿದ್ದ ವಾಚು ಮಾತ್ರ ಸಾರಿನ ಪಾತ್ರೆಯ ಮುಚ್ಚಳದ ಹಾಗೆ, ಚಿನ್ನದ ಬಣ್ಣ, ದಪ್ಪ ಚೈನು, ಒಂದು ಡಯಲ್ಲಿನ ಒಳಗೆ ಇನ್ನೂ ಮೂರು ಡಯಲ್ಲು. ಹೊರದೇಶದ ಬಹಳ ಬೆಲೆಯ ವಾಚು ಅದು. ಬೆಲೆಯನ್ನು ಅವರು ತಾವಾಗಿ ಹೇಳುತ್ತಿರಲಿಲ್ಲ, ನಾವು ಕೇಳುವವರೆಗೆ ಕೈಯನ್ನು ಅಲ್ಲಿಂದ ತೆಗೆಯುತ್ತಿರಲಿಲ್ಲ, ಅಷ್ಟೆ.

ವರ್ಷವಿಡೀ ತುಂಬುತೋಳಿನ ಬಿಳಿ ಶರಟು ಹಾಕುತ್ತಿದ್ದರು. ಬಲತೋಳು ಮಣಿಕಟ್ಟಿನವರೆಗೆ ಇರುತ್ತಿತ್ತು, ಎಡತೋಳು ಅದಕ್ಕಿಂತ ನಾಲ್ಕು ಬೆರಳು ಗಿಡ್ಡ. ಮೊದಮೊದಲು ನಾನು ಅದನ್ನು ಹೊಲಿದವನ ಎಡವಟ್ಟು ಎಂದುಕೊಂಡಿದ್ದೆ. ನಮ್ಮ ಬೀದಿಯ ಟೈಲರೇ ಅವರಿಗೂ ಹೊಲಿಯುತ್ತಿದ್ದ. ಒಮ್ಮೆ ರವಿಕೆ ಕೊಡಲು ಹೋದಾಗ ಕೇಳಿಯೇಬಿಟ್ಟೆ.

‘ಅಯ್ಯೋ ಟೀಚರಮ್ಮ, ನಾನ್ಯಾಕೆ ತಪ್ ಹೊಲೀಲಿ? ಅವ್ರೇ ನಿಂತ್ಕೊಂಡು ಗುರುತ್ ಹಾಕ್ಸಿ ಹೊಲಿಸ್ಕೊಳ್ಳೋದು. ವಾಚ್‌ಗೆ ಗಾಳಿ ಆಡ್ಬೇಕಂತೆ’ ಎಂದು ಆತ ಟೇಪನ್ನು ಕುತ್ತಿಗೆಗೆ ಹಾಕಿಕೊಂಡು ನಕ್ಕ.

ಮನುಷ್ಯರನ್ನು ಅವರು ಮುಖದಿಂದ ಗುರುತಿಸುತ್ತಿರಲಿಲ್ಲ. ಎದುರಿಗೆ ಯಾರೇ ಬರಲಿ, ಕಣ್ಣು ಮೊದಲು ಎಡ ಮುಂಗೈಗೆ ಹೋಗುತ್ತಿತ್ತು. ಅವರ ಲೆಕ್ಕದಲ್ಲಿ ಲೋಕದಲ್ಲಿ ಎರಡೇ ಜಾತಿ: ಚೈನು ವಾಚಿನವರು, ಬೆಲ್ಟ್ ವಾಚಿನವರು. ಒಮ್ಮೆ ಡ್ರಾಯಿಂಗ್ ಮೇಷ್ಟ್ರ ಹುದ್ದೆಗೆ ಒಬ್ಬ ಬಂದಿದ್ದ. ಮಾತಾಡುತ್ತ ಮಾತಾಡುತ್ತ ಪೆನ್ಸಿಲಿನಲ್ಲಿ ನಮ್ಮ ಹೆಡ್‌ಮಿಸ್ಸಿನ ಮುಖವನ್ನು ಕಾಗದದ ಮೇಲೆ ಇಳಿಸಿಟ್ಟ. ಅವನು ಹೊರಗೆ ಹೋದ ಮೇಲೆ ಇವರು ಹೇಳಿದ್ದು ಇಷ್ಟು: ‘ಪ್ಲಾಸ್ಟಿಕ್ ವಾಚ್ ಕಟ್ಕೊಂಡು ಇಂಟರ್‌ವ್ಯೂಗೆ ಬರ್ತಾನಲ್ರೀ. ಇವ್ನೇನ್ ಮಕ್ಕಳಿಗೆ ಶಿಸ್ತು ಕಲಿಸ್ತಾನೆ?’ ಅವನ ಬದಲು ಚೈನು ವಾಚಿನವನೊಬ್ಬ ಬಂದ. ಅವನಿಗೆ ಆನೆ ಬರೆಯಲು ಬರುತ್ತಿರಲಿಲ್ಲ, ಮಕ್ಕಳು ವರ್ಷವೆಲ್ಲ ಮಾವಿನಹಣ್ಣು ಬರೆದರು.

ನನ್ನ ಕೈಯಲ್ಲಿದ್ದುದು ಬೆರಳುಗುರಿನಷ್ಟು ಅಗಲದ ಹೆಂಗಸರ ವಾಚು, ಕಪ್ಪು ಬೆಲ್ಟಿನದು. ಅವರು ಒಂದು ದಿನ ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ಅದರ ಕಡೆ ಬಾಗಿ, ‘ಮೇಡಂ, ಇದು ಓಡುತ್ತಾ?’ ಎಂದರು.

‘ನಿಮ್ಮದಕ್ಕಿಂತ ಚೆನ್ನಾಗಿ ಓಡುತ್ತೆ ಸರ್’ ಎಂದೆ. ಆ ವರ್ಷ ನನ್ನ ಇನ್‌ಕ್ರಿಮೆಂಟು ಓಡಲಿಲ್ಲ.

ಆದರೆ ನಾನು ಹೇಳಿದ್ದು ನಿಜ. ಅವರ ವಾಚಿಗೆ ಬ್ಯಾಟರಿ ಇರಲಿಲ್ಲ, ಕೈಯ ಅಲುಗಾಟದಿಂದಲೇ ಓಡುವಂಥದ್ದು. ಕೈ ಅಲುಗಬೇಕಾದರೆ ಮನುಷ್ಯ ಏನಾದರೂ ಕೆಲಸ ಮಾಡಬೇಕು. ಮೇಲಾಗಿ ಅವರು ರಜೆಯಲ್ಲಿ ಅದನ್ನು ಬೀರುವಿನಲ್ಲಿ ಮಲಗಿಸಿಡುತ್ತಿದ್ದರು. ಅದು ನಿಂತುಹೋಗುತ್ತಿತ್ತು, ಇವರು ಹಾಗೇ ಕಟ್ಟಿಕೊಂಡು ಬರುತ್ತಿದ್ದರು. ಒಂದು ಅರ್ಧವಾರ್ಷಿಕ ಪರೀಕ್ಷೆಯ ದಿನ ಘಂಟೆ ಹೊಡೆಯಲು ಹೊರಟ ಅಟೆಂಡರನ್ನು ತಡೆದು, ಗೋಡೆಯ ಗಡಿಯಾರವನ್ನು ಬಿಟ್ಟು ತಮ್ಮ ವಾಚಿನ ಪ್ರಕಾರ ಹೊಡೆಯಬೇಕೆಂದು ಹುಕುಂ ಮಾಡಿದರು. ಮಕ್ಕಳು ಬರೆದದ್ದೇ ಬರೆದದ್ದು. ಬಿಸಿಲು ಕಿಟಕಿಯಿಂದ ಬಾಗಿಲಿಗೆ ಬಂತು, ಘಂಟೆ ಇಲ್ಲ. ಗಣಿತದಲ್ಲಿ ಸದಾ ಫೇಲಾಗುತ್ತಿದ್ದ ಮಕ್ಕಳೂ ಆ ಸಲ ಪಾಸಾದರು. ಆ ಶಾಲೆಯ ಮಕ್ಕಳು ಅವರನ್ನು ಮನಸಾರೆ ಹರಸಿದ್ದು ಅದೊಂದು ದಿನ.

ಶಿವಗಂಗೆಗೆ ಮಕ್ಕಳನ್ನು ಕರೆದುಕೊಂಡು ಹೋದಾಗಲೂ ಇಂಥದ್ದೇ. ಅಲ್ಲಿ ಬೆಟ್ಟದ ಮೇಲೆ ಒಳಕಲ್ಲು ತೀರ್ಥ ಇದೆ. ಕಲ್ಲಿನ ಕುಳಿಯೊಳಗೆ ತೋಳು ಇಳಿಬಿಟ್ಟು ತಡಕಬೇಕು, ಪುಣ್ಯವಿದ್ದವರ ಕೈಗೆ ನೀರು ಸಿಕ್ಕುತ್ತದೆ ಎನ್ನುತ್ತಾರೆ. ಏಳನೇ ತರಗತಿಯ ಮಕ್ಕಳಿಗೆಲ್ಲ ಸಿಕ್ಕಿತು. ಇವರು ಎಡಗೈಯನ್ನು ತಲೆಗಿಂತ ಮೇಲೆ ಎತ್ತಿಹಿಡಿದು, ವಾಚಿಗೆ ಎಲ್ಲಿ ಹನಿ ಬೀಳುತ್ತದೋ ಎಂದು ಅದರ ಮೇಲೆಯೇ ಕಣ್ಣಿಟ್ಟು, ಬಲಗೈಯನ್ನು ಅರ್ಧಕ್ಕೆ ಇಳಿಸಿ ತೆಗೆದರು. ‘ಸಿಕ್ತು, ಸಿಕ್ತು’ ಎಂದರು. ಅಂಗೈ ಒಣಗಿತ್ತು, ಅದನ್ನು ಮಕ್ಕಳೆಲ್ಲ ನೋಡಿದರು. ಇಳಿಯುವಾಗ ಒಬ್ಬಳು ನನ್ನ ಸೆರಗು ಹಿಡಿದು, ‘ಮಿಸ್, ಸೆಕ್ರೆಟ್ರಿ ಸರ್ ಸುಳ್ ಹೇಳಿದ್ರು ಅಲ್ವಾ?’ ಎಂದು ಕೇಳಿದಳು. ಹೌದು ಎಂದೆ.

ಈ ವಾಚಿನ ಹುಚ್ಚು ಎಲ್ಲಿಂದ ಬಂತೆಂದು ನನಗೆ ತಿಳಿದದ್ದು ಅವರ ಮನೆಯಾಕೆಯಿಂದ. ಗೌರಿ ಹಬ್ಬದಲ್ಲಿ ಅರಿಶಿನ ಕುಂಕುಮಕ್ಕೆ ಕರೆದಿದ್ದರು. ಅಡುಗೆಮನೆಯಲ್ಲಿ ಕೋಸಂಬರಿ ಕಲೆಸುತ್ತ ಆಕೆ ತಾವಾಗಿಯೇ ಹೇಳಿದರು: ‘ಚಿಕ್ಕೋರಿದ್ದಾಗ ಇವ್ರನ್ನ ಇವ್ರಪ್ಪ ಮಗ್ಗದ ಮೇಲೆ ಕೂರಿಸ್ತಾನೇ ಇರ್ಲಿಲ್ವಂತೆ ಮೇಡಂ. ಇದು ಹೆಣ್ಣಿನ ಕೈ, ಹೋಗಿ ಹೆಂಗಸ್ರ ಜೊತೆ ಕೂತು ಕಂಡಿಕೆಗೆ ನೂಲು ಸುತ್ತು ಅಂತಿದ್ರಂತೆ. ನನ್ ಮದ್ವೆ ಆದ್ಮೇಲೂ ನಮ್ಮತ್ತೆ, ಸೊಸೆ ಬಳೆ ಮಗನಿಗೂ ಆಗುತ್ತೆ ಅಂತ ಬಂದೋರ ಮುಂದೆಲ್ಲ ನಗೋರು.’

ಕೇಳಿ ಒಂದು ಕ್ಷಣ ಅಯ್ಯೋ ಎನ್ನಿಸಿತು. ಒಂದೇ ಕ್ಷಣ. ಕಾರಣ ತಿಳಿದ ಮಾತ್ರಕ್ಕೆ ಮನುಷ್ಯನನ್ನು ಕ್ಷಮಿಸಬೇಕೆಂದೇನೂ ಇಲ್ಲ. ಅವಮಾನ ಉಂಡವರು ಎಷ್ಟೋ ಜನ ಇದ್ದಾರೆ, ಎಲ್ಲರೂ ಅದನ್ನೇ ತಟ್ಟೆಗೆ ಹಾಕಿ ಇನ್ನೊಬ್ಬರಿಗೆ ಬಡಿಸುವುದಿಲ್ಲ. ಇವರು ಬಡಿಸಿದರು. ಅದೂ ಯಾರಿಗೆ? ಅಳಿಯನಾಗಲಿದ್ದ ಹುಡುಗನಿಗೆ.

ಅವರ ಒಬ್ಬಳೇ ಮಗಳು ಭವ್ಯಾ. ನನ್ನ ಬಳಿ ಪ್ರೌಢಶಾಲೆಯಲ್ಲಿ ಓದಿದವಳು, ಆಮೇಲೆ ಅದೇ ಶಾಲೆಯ ಆಫೀಸು ನೋಡಿಕೊಳ್ಳುತ್ತಿದ್ದಳು. ಮೆತ್ತಗೆ ಮಾತಾಡುವ, ಹೇಳಬೇಕಾದ್ದನ್ನು ಮಾತ್ರ ಹೇಳುವ ಹುಡುಗಿ. ಅವಳಿಗೆ ಕೂಡಿಬಂದ ಸಂಬಂಧಗಳನ್ನು ಅಪ್ಪನೇ ಮುರಿದಿದ್ದರು. ಒಂದು ಮುರಿದದ್ದು, ಇವರು ಒಳಗೆ ಬಂದಾಗ ಹುಡುಗನ ಚಿಕ್ಕಪ್ಪ ಕುರ್ಚಿಯಿಂದ ಏಳಲಿಲ್ಲವೆಂದು. ಇನ್ನೊಂದು, ಹುಡುಗನ ಭಾವ ವಾಚು ನೋಡಿ, ‘ಒರಿಜಿನಲ್ಲಾ ಸರ್?’ ಎಂದು ಕೇಳಿದನೆಂದು. ಪ್ರತಿ ಸಲವೂ ಅವಳು ಸೀರೆಯುಟ್ಟು, ಕಾಫಿಯ ತಟ್ಟೆ ಹಿಡಿದು ಬಂದು, ಮತ್ತೆ ಆಫೀಸಿನಲ್ಲಿ ಕೂತು ಮಕ್ಕಳ ಟಿ.ಸಿ. ಬರೆಯುತ್ತಿದ್ದಳು.

ಕೊನೆಗೆ ತ್ಯಾಮಗೊಂಡ್ಲು ಕಡೆಯ ಒಂದು ಸಂಬಂಧ ಬಂತು. ಹುಡುಗ ಗಿರೀಶ, ಸರ್ಕಾರಿ ಪಶುವೈದ್ಯ, ಅಪ್ಪನಿಗೆ ತೆಂಗು ಅಡಿಕೆ ಇತ್ತು. ‘ದನದ ಡಾಕ್ಟ್ರು’ ಎಂದು ಇವರು ಮೊದಲು ಮೂಗು ಮುರಿದರು. ಗೆಜೆಟೆಡ್ ಹುದ್ದೆ ಎಂದು ಯಾರೋ ಹೇಳಿದ ಮೇಲೆ ಮೂಗು ಸರಿಯಾಯಿತು. ನಿಶ್ಚಿತಾರ್ಥವೂ ಆಯಿತು. ಗಿರೀಶ ತೆಳ್ಳಗಿನ ಹುಡುಗ, ಕೈಗಳು ಇನ್ನೂ ತೆಳ್ಳಗೆ. ಭವ್ಯಾ ನನ್ನ ಮುಂದೆ ಅವನ ವಿಷಯ ಹೇಳುವಾಗ ಆ ಕೈಯ ಸುದ್ದಿಯನ್ನೇ ಎತ್ತಿದಳು. ಹೊಟ್ಟೆಯಲ್ಲಿ ಕರು ಅಡ್ಡ ತಿರುಗಿದಾಗ ಒಳಗೆ ಕೈ ಹಾಕಿ ತಿರುಗಿಸಬೇಕಂತೆ, ಆಗ ದಪ್ಪ ಕೈಯವರಿಂದ ಹಸುವಿಗೆ ಹಿಂಸೆಯಂತೆ. ಪಕ್ಕದ ಹೋಬಳಿಯವರೂ ‘ಸಣ್ಣ ಕೈ ಡಾಕ್ಟ್ರನ್ನೇ ಕರ್ಸಿ’ ಎನ್ನುತ್ತಾರಂತೆ. ಹೇಳುವಾಗ ಅವಳ ಮುಖ ಕೆಂಪಾಗಿತ್ತು. ಆ ಹುಡುಗಿ ಹಾಗೆ ಸಂತೋಷಪಟ್ಟದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ನಮ್ಮ ಕಡೆ ವರನಿಗೆ ಹೆಣ್ಣಿನ ಮನೆಯವರು ಬಟ್ಟೆ, ಉಂಗುರ, ವಾಚು ಕೊಡುವ ರೂಢಿ ಇದೆ. ವಾಚನ್ನು ಮಾವನೇ ಅಳಿಯನ ಕೈಗೆ ಕಟ್ಟುತ್ತಾನೆ. ಕಾರ್ಯದರ್ಶಿಗಳಿಗೆ ಮದುವೆಯೆಂದರೆ ಇದೊಂದೇ ಶಾಸ್ತ್ರ. ಬೆಂಗಳೂರಿಗೆ, ಬರೀ ದುಬಾರಿ ವಾಚುಗಳನ್ನೇ ಮಾರುವ ಒಂದು ಅಂಗಡಿಗೆ, ಹುಡುಗನನ್ನೂ ಮಗಳನ್ನೂ ಕರೆದುಕೊಂಡು ಹೊರಟರು. ನನಗೂ ಬರಹೇಳಿದರು: ‘ನೀವೂ ಬನ್ನಿ ಮೇಡಂ. ಅಲ್ಲಿ ಬರೀ ಇಂಗ್ಲಿಷಂತೆ, ನೀವು ಇಂಗ್ಲಿಷ್ ಟೀಚರ್ರು, ಅನುಕೂಲ ಆಗುತ್ತೆ.’ ಅಷ್ಟು ವರ್ಷ ಸಂಬಳ ಕೊಟ್ಟ ಮನುಷ್ಯನಿಗೆ ನಾನು ಯಾವ ಪಾಠ ಮಾಡುತ್ತೇನೆಂದು ಗೊತ್ತಿರಲಿಲ್ಲ. ಬರುವುದಿಲ್ಲ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಭವ್ಯಾ ನನ್ನನ್ನು ಕಾರಿಡಾರಿಗೆ ಕರೆದು, ‘ಬನ್ನಿ ಮಿಸ್. ನೀವಿದ್ರೆ ಅಪ್ಪ ಸ್ವಲ್ಪ ನಾಲಿಗೆ ಹಿಡ್ಕೋತಾರೆ. ಇದೊಂದು ಕೆಡಬಾರ್ದು ಮಿಸ್. ಇದು ಕೆಟ್ರೆ ನಾನು ಇನ್ನೊಬ್ರ ಮುಂದೆ ಕಾಫಿ ತಟ್ಟೆ ಹಿಡ್ಕೊಂಡು ಹೋಗಲ್ಲ’ ಎಂದಳು. ಹೋದೆ.

ಅಂಗಡಿಯಲ್ಲಿ ಎಲ್ಲರೂ ಚೆನ್ನಾಗಿ ಕನ್ನಡ ಮಾತಾಡಿದರು. ಕೋಟು ತೊಟ್ಟ ಸೇಲ್ಸ್‌ಮನ್ ಗಿರೀಶನ ಮಣಿಕಟ್ಟಿಗೆ ಟೇಪು ಸುತ್ತಿ ನೋಡಿದ. ‘ಸರ್‌ದು ಸಣ್ಣ ಕೈ. ಡಯಲ್ ದೊಡ್ಡದು ಹಾಕಿದ್ರೆ ಕೈ ಇನ್ನೂ ಸಣ್ಣ ಕಾಣುತ್ತೆ. ಬೆಲ್ಟ್ ಸೇರೋ ತುದಿಗಳಿವೆಯಲ್ಲ, ಅವು ಮಣಿಕಟ್ಟಿನ ಅಂಚು ದಾಟಿ ಆಚೆ ಚಾಚ್ಕೋಬಾರ್ದು. ದಪ್ಪಾನೂ ಕಮ್ಮಿ ಇರ್ಲಿ, ತೋಳಿನ ಒಳಗೆ ಸಲೀಸಾಗಿ ಹೋಗ್ಬೇಕು’ ಎನ್ನುತ್ತ ಒಂದು ವಾಚು ತೆಗೆದ. ತೆಳ್ಳಗಿನದು. ಬಿಳಿ ಮುಖ, ಎರಡೇ ಮುಳ್ಳು, ಕಂದು ತೊಗಲಿನ ಬೆಲ್ಟು. ಅದೂ ದುಬಾರಿಯದೇ, ಆದರೆ ಅದನ್ನು ಹೇಳಿಕೊಳ್ಳುವ ಚಪಲ ಅದಕ್ಕಿರಲಿಲ್ಲ. ಗಿರೀಶನ ಕೈ ಮೇಲೆ ಅದು ಎಷ್ಟು ಒಪ್ಪವಾಗಿ ಕೂತಿತೆಂದರೆ, ವಾಚಿನ ಗಂಧಗಾಳಿ ಇಲ್ಲದ ನನಗೂ ಅದೇ ಸರಿ ಎನ್ನಿಸಿತು. ಅವನು ಕೈ ತಿರುಗಿಸಿ ನೋಡಿಕೊಂಡು ನಕ್ಕ. ಭವ್ಯಾ, ‘ಇದೇ ಇರ್ಲಿ ಅಪ್ಪ’ ಎಂದಳು.

‘ಏನ್ರೀ ಇದು, ಹೆಂಗಸ್ರ ವಾಚ್ ತೋರಿಸ್ತಿದ್ದೀರಾ?’ ಎಂದರು ಕಾರ್ಯದರ್ಶಿಗಳು.

‘ಇಲ್ಲ ಸರ್, ಇದು ಜೆಂಟ್ಸೇ.’

‘ಯಾವ ಜೆಂಟ್ಸು? ನಾನು ಸ್ಟೇಜ್ ಮೇಲೆ ಕಟ್ಟಿದ್ರೆ ಊಟದ ಹಾಲ್‌ನಲ್ಲಿ ಪಲ್ಯ ಬಡಿಸ್ಕೊಳ್ಳೋನಿಗೂ ಕಾಣ್ಬೇಕು. ಈ ಬೆಲ್ಟು ಕಟ್ಟಿ ಕಳ್ಸಿದ್ರೆ ನಮ್ಮೂರಲ್ಲಿ ನಾನು ತಲೆ ಎತ್ಕೊಂಡು ಓಡಾಡ್ಬೇಕಾ ಬೇಡ್ವಾ? ಚೈನ್‌ದು ತೆಗೀರಿ. ಇದಿಷ್ಟಿರೋದು’ ಎಂದು ತಮ್ಮ ಎಡಗೈಯನ್ನು ಗಾಜಿನ ಮೇಲೆ ಇಟ್ಟರು.

ಸೇಲ್ಸ್‌ಮನ್ ಅಲ್ಲಿಯವರೆಗೆ ಹೇಳಿದ್ದನ್ನೆಲ್ಲ ಅಲ್ಲೇ ಮರೆತ. ದೊಡ್ಡದಕ್ಕೆ ಬೆಲೆ ಹೆಚ್ಚು, ಅವನದೇನು ಗಂಟು ಹೋಗಬೇಕು? ಅಂಗಡಿಯಲ್ಲೇ ದೊಡ್ಡದೊಂದನ್ನು ಹೊರಗೆ ತೆಗೆದು, ‘ರಾಯಲ್ ಆಗಿದೆ ಸರ್’ ಎಂದ. ಗಿರೀಶನಿಗೆ ಕಟ್ಟಿದರೆ ಅದು ಮಣಿಕಟ್ಟಿನ ಎರಡೂ ಕಡೆ ಸೂರಿನ ಹಾಗೆ ಚಾಚಿಕೊಂಡಿತು. ಚೈನು ಸಡಿಲವಾಗಿ ಕೆಳಗೆ ಜೋತಾಡಿತು. ‘ಒಂದಷ್ಟು ಕೊಂಡಿ ತೆಗೆದ್ರೆ ಸರಿ ಹೋಗುತ್ತೆ. ತೆಗೆದಿದ್ದನ್ನ ಡಬ್ಬಿಲಿ ಹಾಕಿ ನಿಮಗೇ ಕೊಡ್ತೀವಿ’ ಎಂದು ಸೇಲ್ಸ್‌ಮನ್ ಸಣ್ಣ ಉಪಕರಣ ಕೈಗೆತ್ತಿಕೊಂಡ.

‘ಏಯ್, ಮುಟ್ಬೇಡ್ರಿ!’ ಎಂದರು ಇವರು. ‘ಶುಭಕಾರ್ಯಕ್ಕೆ ತಂದಿದ್ದನ್ನ ಕೀಳೋದಾ? ನಾವು ಸೀರೆ ನೇಯೋರು. ಸೆರಗು ಉದ್ದ ಆಯ್ತು ಅಂತ ಮದ್ವೆ ಸೀರೆ ಕತ್ತರಿಸ್ತೀವೇನ್ರೀ? ಹೆಂಗಿದೆಯೋ ಹಂಗೇ ಕೊಡಿ. ಒಂದ್ ಕೊಂಡಿ ಕಮ್ಮಿ ಆದ್ರೂ ನಂಗೆ ಬೇಡ.’

ಗಿರೀಶ ಮೆಲ್ಲಗೆ ಹೇಳಿದ: ‘ಮಾವ, ನನ್ ಕೆಲ್ಸದಲ್ಲಿ ದಿನಕ್ಕೆ ಹತ್ತು ಸಲ ವಾಚ್ ಬಿಚ್ಚಿಡ್ಬೇಕಾಗುತ್ತೆ. ಚಿಕ್ಕದಾದ್ರೆ ಜೇಬಿಗೆ ಹಾಕ್ಕೋಬೋದು. ನಿಮಗೆ ಬೇಜಾರಿಲ್ಲ ಅಂದ್ರೆ ಮೊದ್ಲಿಂದೇ ಸಾಕು.’

‘ನಿಮ್ ಕೈ ಹೆಂಗಸ್ರ ಕೈ ಇದ್ದಂಗಿದೆ, ಅದಕ್ಕೆ ನಾನೇನ್ ಮಾಡ್ಲಿ?’

ಅಂಗಡಿಯಲ್ಲಿದ್ದ ಬೇರೆ ಗಿರಾಕಿಗಳು ತಿರುಗಿ ನೋಡಿದರು. ಗಿರೀಶ ಕೈಯನ್ನು ಗಾಜಿನ ಮೇಲಿಂದ ತೆಗೆದು ಪ್ಯಾಂಟಿನ ಜೇಬಿಗೆ ಹಾಕಿಕೊಂಡ. ಆ ಮಾತನ್ನು ಈ ಮನುಷ್ಯನಿಗೆ ಅವರಪ್ಪ ಹೇಳಿದ್ದರು, ಅದು ನನಗೂ ಗೊತ್ತಿತ್ತು. ಅಷ್ಟು ವರ್ಷ ಅದನ್ನು ಜೋಪಾನವಾಗಿ ಇಟ್ಟುಕೊಂಡು ಬಂದು ಈ ಹುಡುಗನ ಮೇಲೆ ಹಾಕಿದರಲ್ಲ ಎಂದು ನನಗೆ ಮೈಯೆಲ್ಲ ಉರಿಯಿತು. ಏನೂ ಅರಿಯದ ಸೇಲ್ಸ್‌ಮನ್ ಟೇಪು ಹಿಡಿದು, ‘ಸರ್, ನಿಮ್ದೂ ಒಂದ್ ಅಳತೆ ನೋಡ್ಲಾ?’ ಎಂದ. ಕಾರ್ಯದರ್ಶಿಗಳು ಕೆಂಡ ಮುಟ್ಟಿದವರಂತೆ ಕೈಯನ್ನು ಬೆನ್ನ ಹಿಂದಕ್ಕೆ ಎಳೆದುಕೊಂಡರು. ದೊಡ್ಡ ವಾಚೇ ಬಂತು, ಎಲ್ಲ ಕೊಂಡಿಗಳ ಸಮೇತ.

ಅವತ್ತು ವಾಪಸ್ಸು ಬರುವಾಗ ಗಿರೀಶ ನಮ್ಮ ಜೊತೆ ಊರಿನವರೆಗೆ ಬರಲಿಲ್ಲ. ಯಲಹಂಕ ದಾಟಿದ ಮೇಲೆ ಇಳಿದುಕೊಂಡು ತನ್ನ ಬಸ್ಸು ಹಿಡಿದ. ಮಾರನೆಯ ದಿನ ಭವ್ಯಾ ಆಫೀಸಿನಲ್ಲಿ ನನಗೆ ಹೇಳಿದಳು: ‘ಫೋನ್ ಮಾಡಿದ್ರು ಮಿಸ್. ನನ್ನನ್ನ ಏನ್ ಬೇಕಾದ್ರೂ ಅನ್ಲಿ, ನಮ್ಮಪ್ಪ ಅಮ್ಮನ ಮುಂದೆ ಅಂದ್ರೆ ಎದ್ ಹೋಗ್ಬಿಡ್ತೀನಿ ಅಂದ್ರು. ಕೋಪದಲ್ಲಿ ಹೇಳ್ಲಿಲ್ಲ. ಅದಕ್ಕೇ ನಂಗೆ ಭಯ.’

ಮದುವೆ ಊರಾಚೆಯ ದೊಡ್ಡ ಛತ್ರದಲ್ಲಿ. ವಾಚು ಕಟ್ಟುವುದು ವರಪೂಜೆಯಲ್ಲೇ ಆಗಬೇಕಿತ್ತು. ವರಪೂಜೆಯಲ್ಲಿ ಮನೆಮಂದಿ ಬಿಟ್ಟರೆ ನೋಡುವವರು ಯಾರು? ಇವರು ಅದನ್ನು ಧಾರೆಯ ಹಿಂದಿನ ಸಂಜೆಯ ಆರತಕ್ಷತೆಗೆ ಇಟ್ಟುಕೊಂಡರು. ಜನ ತುಂಬಿ, ಆರ್ಕೆಸ್ಟ್ರಾ ಜೋರಾಗಿದ್ದಾಗ ವೇದಿಕೆ ಹತ್ತಿ ಹಾಡುತ್ತಿದ್ದವನ ಕೈಯಿಂದ ಮೈಕು ಇಸಿದುಕೊಂಡರು. ‘ನಮ್ಮ ಅಳಿಯಂದಿರಿಗೆ ಒಂದು ಸಣ್ಣ ಕಾಣಿಕೆ’ ಎಂದು ಆ ದೇಶದ ಹೆಸರು, ಕಂಪನಿಯ ಹೆಸರು ಎಲ್ಲ ಹೇಳಿದರು. ಮೈಕನ್ನು ಕಂಕುಳಲ್ಲಿ ಇಟ್ಟುಕೊಂಡು ವಾಚು ಕಟ್ಟಿದರು. ಮತ್ತೆ ಮೈಕು ಹಿಡಿದು, ‘ಕೈ ಎತ್ತಿ ಅಳಿಯಂದ್ರೇ, ಎಲ್ರಿಗೂ ಕಾಣ್ಲಿ’ ಎಂದರು.

ಗಿರೀಶ ಕೈ ಎತ್ತಿದ. ವಾಚು ಸರ್ರನೆ ಜಾರಿ ಮೊಣಕೈಗೆ ಹೋಗಿ ನಿಂತಿತು. ಮುಂದಿನ ಸಾಲಿನಲ್ಲಿ ಯಾರೋ ನಕ್ಕರು, ನಗು ಹಿಂದಕ್ಕೆ ಹರಡಿತು. ಅವನು ನಾಚಿ ಕೈ ಇಳಿಸಿದ. ಈಗ ಅದು ಬಂದ ದಾರಿಯಲ್ಲೇ ವಾಪಸ್ಸು ಇಳಿದು, ಅಂಗೈಯನ್ನೂ ದಾಟಿ, ವೇದಿಕೆಯ ಹಲಗೆಯ ಮೇಲೆ ಬಿತ್ತು. ಗಾಜು ಸೀಳುಬಿಟ್ಟಿತು. ಕಾರ್ಯದರ್ಶಿಗಳು ಬಗ್ಗಿ ಅದನ್ನು ಎತ್ತಿಕೊಂಡರು. ಸೀಳು ನೋಡಿದರು. ಮೈಕು ಕೈಯಲ್ಲೇ ಇತ್ತು.

‘ಒಂದ್ ವಾಚ್ ನಿಲ್ಲಲ್ವಲ್ಲಯ್ಯಾ ಈ ಕೈಯಲ್ಲಿ. ನನ್ ಮಗಳನ್ನ ಏನ್ ಹಿಡ್ಕೋತೀಯಾ?’

ಊಟದ ಹಾಲಿನವರೆಗೂ ಕೇಳಿಸಿತು. ನಗು ನಿಂತಿತು. ಮೊದಲ ಸಾಲಿನಲ್ಲಿ ಕೂತಿದ್ದ ಗಿರೀಶನ ಅಪ್ಪ ಎದ್ದು ಹೆಗಲ ಮೇಲಿನ ವಲ್ಲಿ ಸರಿಮಾಡಿಕೊಂಡರು. ‘ನಡೀರಪ್ಪ, ಸಾಕು’ ಎಂದರು. ಗಿರೀಶನ ತಾಯಿ ಎದ್ದರು, ಅವರ ಕಡೆಯ ನೆಂಟರು ಒಬ್ಬೊಬ್ಬರಾಗಿ ಎದ್ದರು. ಗಿರೀಶ ಭವ್ಯಾಳನ್ನು ಒಂದು ಸಲ ನೋಡಿ, ಹಾರ ತೆಗೆಯಲು ಕುತ್ತಿಗೆಗೆ ಕೈ ಹಾಕಿದ. ಈ ಮನುಷ್ಯ ಕೊನೆಗೂ ಇದನ್ನೂ ಮುರಿದ ಎಂದುಕೊಂಡೆ.

ಭವ್ಯಾ ಅಪ್ಪನ ಹತ್ತಿರ ಬಂದಳು. ‘ಅಪ್ಪ, ಕೈ ಕೊಡಿ’ ಎಂದಳು. ಸಮಾಧಾನ ಮಾಡಲು ಬಂದಳೆಂದು ಅವರು ಎಡಗೈ ಕೊಟ್ಟರು. ಅವಳು ಅವರ ವಾಚಿನ ಕೊಕ್ಕೆಯನ್ನು ಒತ್ತಿದಳು. ಚೈನು ತೆರೆದುಕೊಂಡಿತು. ಅದರ ಒಳಗಿಂದ ಕುಂಕುಮ ಬಣ್ಣದ ಬಟ್ಟೆಯ ಒಂದು ದಿಂಡು ಕೆಳಗೆ ಬಿತ್ತು. ಮಗುವಿನ ದಿಂಬಿನ ಹಾಗೆ ಹತ್ತಿ ತುಂಬಿ, ಅಂಚು ಸುತ್ತ ಒತ್ತಾಗಿ ಹೊಲಿಗೆ ಹಾಕಿದ್ದ ದಿಂಡು. ಅದಿಲ್ಲದಿದ್ದರೆ ಆ ವಾಚು ಅವರ ಕೈಯಲ್ಲೂ ನಿಲ್ಲುತ್ತಿರಲಿಲ್ಲ. ಅವಳು ಅಪ್ಪನ ಬರಿಗೈಯನ್ನು ಗಿರೀಶನ ಕೈಯ ಪಕ್ಕ ಹಿಡಿದಳು.

‘ನೋಡಿ ಅಪ್ಪ, ಇಬ್ರುದೂ ಒಂದೇ ಅಳತೆ’ ಎಂದಳು. ಅವರ ಇನ್ನೊಂದು ಕೈಯಲ್ಲಿದ್ದ ಮೈಕು ಅದನ್ನೂ ಎಲ್ಲರಿಗೂ ಕೇಳಿಸಿತು. ‘ಹೈಸ್ಕೂಲಿಂದ ಇದನ್ನ ಹೊಲ್ದು ಕೊಡ್ತಿರೋಳು ನಾನೇ. ಯಾರಿಗೂ ಹೇಳಿರ್ಲಿಲ್ಲ, ಅಮ್ಮಂಗೂ. ನೀವು ಈ ಮಾತ್ ಆಡ್ಬಾರ್ದಿತ್ತು.’

ಆಮೇಲೆ ವೇದಿಕೆಯ ಅಂಚಿಗೆ ಬಂದು ಗಿರೀಶನ ಅಪ್ಪನಿಗೆ, ‘ಮಾವ, ಕೂತ್ಕೊಳಿ. ಊಟ ಮಾಡ್ದೆ ಹೋಗ್ಬೇಡಿ. ಬೆಳಿಗ್ಗೆ ಧಾರೆ ಮುಗಿದ್ಮೇಲೆ ನಾನೂ ನಿಮ್ ಜೊತೆ ಬರ್ತೀನಿ’ ಎಂದಳು. ಆ ಮುದುಕರು ವಲ್ಲಿಯಿಂದ ಮುಖ ಒರೆಸಿಕೊಂಡು ಕೂತರು. ಅವರು ಕೂತ ಮೇಲೆ ಮಿಕ್ಕವರೂ ಕೂತರು. ಗಿರೀಶನ ಕೈ ಹಾರವನ್ನು ಬಿಟ್ಟಿತು.

ನಾನು ಮುಚ್ಚಿಡುವುದಿಲ್ಲ, ನನಗೆ ಪರಮಾನಂದವಾಯಿತು. ಅಷ್ಟು ರುಚಿಯಾಗಿ ಉಂಡ ಮದುವೆ ಊಟ ನನಗೆ ಇನ್ನೊಂದು ನೆನಪಿಲ್ಲ. ಹೋಳಿಗೆ ಎರಡನೆಯ ಸಲ ಕೇಳಿ ಹಾಕಿಸಿಕೊಂಡೆ.

ಮಾರನೆಯ ಬೆಳಿಗ್ಗೆ ಧಾರೆ ಆಯಿತು. ಕಾರ್ಯದರ್ಶಿಗಳು ಪುರೋಹಿತರು ಹೇಳಿದ್ದನ್ನು ಹೇಳಿದರು, ಮಗಳ ಕಡೆ ನೋಡಲಿಲ್ಲ. ಇಷ್ಟಾದ ಮೇಲೆ ಬೇರೆ ಯಾರಾದರೂ ಆಗಿದ್ದರೆ ಸ್ವಲ್ಪ ತಗ್ಗುತ್ತಿದ್ದರು. ಇವರು ಏನು ಮಾಡಿದರೆಂದರೆ, ಗಿರೀಶ ಬೇಡವೆಂದು ಬಿಟ್ಟುಹೋದ ಆ ದೊಡ್ಡ ವಾಚಿಗೆ ಹೊಸ ಗಾಜು ಹಾಕಿಸಿ ತಾವೇ ಕಟ್ಟಿಕೊಂಡರು! ಕೊಂಡಿ ಆಗಲೂ ಕೀಳಿಸಲಿಲ್ಲ. ಒಳಗೆ ಇಡಲು ಈಗ ದಿಂಡಿರಲಿಲ್ಲ. ಹೆಂಡತಿಯ ಹತ್ತಿರ ಹೊಲಿಸಿಕೊಳ್ಳುವ ಮನಸ್ಸೂ ಇರಲಿಲ್ಲ. ಅದು ಬೀಳದಿರಲೆಂದು ಎಡಗೈಯನ್ನು ಮಡಚಿ ಹೊಟ್ಟೆಗೆ ಒತ್ತಿಕೊಂಡೇ ಓಡಾಡತೊಡಗಿದರು. ಹೊಸಬರು ಕೈಗೆ ಪೆಟ್ಟಾಗಿದೆಯೇ ಎಂದು ವಿಚಾರಿಸುತ್ತಿದ್ದರು. ನಮ್ಮೂರಿನವರು ವಿಚಾರಿಸುತ್ತಿರಲಿಲ್ಲ, ಅವರಿಗೆ ಗೊತ್ತಿತ್ತು. ಆ ಸಂಜೆಯ ವಿಡಿಯೋ ಎಲ್ಲರ ಫೋನಿನಲ್ಲೂ ಇತ್ತು.

ಮಗಳೊಡನೆ ಮಾತು ನಿಲ್ಲಿಸಿದರು. ಅವಳು ಹಬ್ಬಕ್ಕೆ ಬಂದರೆ ಇವರು ಶಾಲೆಗೆ ಹೋಗಿ ಬೀಗ ತೆಗೆದು ಒಬ್ಬರೇ ಕೂರುತ್ತಿದ್ದರು. ಮೊಮ್ಮಗಳು ಹುಟ್ಟಿದಾಗ ಹೋಗಿ ನೋಡಲಿಲ್ಲ. ‘ಕೆಲ್ಸ ಇದೆ’ ಎಂದು ಕೈ ಮಡಚಿಕೊಂಡೇ ಹೆಂಡತಿಯನ್ನು ಬಸ್ಸು ಹತ್ತಿಸಿದರು.

ಹೋದ ವರ್ಷ ಭವ್ಯಾ ಮಗುವನ್ನು ಎತ್ತಿಕೊಂಡು ನನ್ನ ಮನೆಗೆ ಬಂದಳು. ನಾನು ಆಗಲೇ ನಿವೃತ್ತಳಾಗಿದ್ದೆ. ಅಪ್ಪ ಅವತ್ತೂ ಮನೆಯಲ್ಲಿ ಇರಲಿಲ್ಲವಂತೆ. ಬ್ಯಾಗಿನಿಂದ ಒಂದು ಕವರು ತೆಗೆದು ನನ್ನ ಕೈಗಿಟ್ಟಳು. ಒಳಗೆ ಹೊಸ ದಿಂಡು, ಅದೇ ಕುಂಕುಮ ಬಣ್ಣದ್ದು.

‘ಕೈ ಮಡಚ್ಕೊಂಡೇ ಇರ್ತಾರಂತೆ ಮಿಸ್. ಭುಜ ನೋವು ಅಂತ ರಾತ್ರಿ ನರಳ್ತಾರಂತೆ, ಅಮ್ಮ ಹೇಳಿದ್ಲು. ಅಮ್ಮನ ಕೈಲಿ ಕಳ್ಸಿದ್ರೆ ಅವಳ ಮೇಲೇ ಎಗರಾಡ್ತಾರೆ. ನೀವ್ ಕೊಡ್ತೀರಾ? ತಪ್ಪಾಯ್ತು ಅಂತೆಲ್ಲ ಹೇಳ್ಬೇಡಿ, ನಾನು ತಪ್ ಮಾಡಿಲ್ಲ. ಸುಮ್ನೆ ಕೊಡಿ.’

ಅವಳಿಗಾಗಿ ಹೋದೆ. ಕಾರ್ಯದರ್ಶಿಗಳು ಜಗಲಿಯಲ್ಲಿ ಕೂತಿದ್ದರು, ಬಹಳ ಇಳಿದುಹೋಗಿದ್ದರು. ಕವರು ಬಿಚ್ಚಿ ದಿಂಡನ್ನು ಹೊರಗೆ ತೆಗೆದರು. ಹೊಲಿಗೆಯ ಮೇಲೆ ಹೆಬ್ಬೆರಳು ಒಮ್ಮೆ ಆಡಿತು. ಅದನ್ನು ನಾನು ನೋಡಿದೆ. ಇನ್ನೇನು ಈ ಮನುಷ್ಯ ಮನುಷ್ಯನಾಗುತ್ತಾನೆ ಎಂದು ನಾನೂ ನಂಬಿಬಿಟ್ಟೆ.

‘ಏನ್ ಮೇಡಂ ಇದು? ಯಾರ್ದೋ ಇರ್ಬೇಕು. ನನ್ ಕೈಗೆ ಇದೆಲ್ಲ ಯಾಕೆ ಬೇಕು?’

‘ನಿಮ್ ಮಗಳು ಹೊಲ್ದು ಕಳ್ಸಿದ್ದು ಸರ್.’

‘ಯಾವ ಮಗಳು?’ ಎಂದು ಅದನ್ನು ಕವರಿಗೆ ತುರುಕಿ ನನ್ನ ಕಡೆ ಚಾಚಿದರು. ಕೈ ಚಾಚಿದ್ದೇ ತಡ, ವಾಚು ಜಾರಿ ಬೆರಳಿನ ಗೆಣ್ಣಿಗೆ ಬಂತು. ಬಲಗೈಯಿಂದ ಅದನ್ನು ಮೇಲಕ್ಕೆ ಎಳೆದುಕೊಂಡು, ಎಡಗೈಯನ್ನು ಮತ್ತೆ ಹೊಟ್ಟೆಗೆ ಒತ್ತಿಕೊಂಡರು. ನಾನು ಹೇಳಬಾರದ್ದನ್ನು ಹೇಳಿಯೇನು ಎಂದು ಕವರು ತೆಗೆದುಕೊಂಡು ಎದ್ದು ಬಂದೆ.

ಸಂಜೆ ಭವ್ಯಾ ಫೋನು ಮಾಡಿದಳು.

‘ಕೊಟ್ರಾ ಮಿಸ್?’

‘ಕೊಟ್ಟೆ ಕಣಮ್ಮ.’

‘ಏನಂದ್ರು?’

‘ಏನೂ ಅನ್ಲಿಲ್ಲ. ನನ್ ಮುಂದೇನೇ ವಾಚ್ ಬಿಚ್ಚಿ ಒಳಗಿಟ್ಕೊಂಡ್ರು.’

‘ಸರಿಯಾಗ್ ಕೂತ್ಕೊಳ್ತಾ?’

‘ಕೂತ್ಕೊಳ್ತು. ಅಳತೆ ಮರ್ತಿಲ್ಲ ನೀನು. ಕೈ ಇಳಿಬಿಟ್ಕೊಂಡು ಗೇಟ್ ತನಕ ಬಂದು ನನ್ನ ಕಳ್ಸಿಕೊಟ್ರು.’

ಆ ಕಡೆ ಅವಳು ಅಳುತ್ತಿದ್ದದ್ದು ಕೇಳಿಸಿತು. ಆ ಮನುಷ್ಯನ ವಿಷಯದಲ್ಲಿ ನನ್ನ ಬಾಯಿಂದ ಬಂದ ಒಳ್ಳೆಯ ಮಾತು ಅದೊಂದೇ. ಅದೂ ಸುಳ್ಳು.